ಗಾಳಿಯಂತ್ರ ತಿರುಗಿದರೂ ದೀಪ ಏಕೆ ಹತ್ತುವುದಿಲ್ಲ?

ಸೊಲ್ಲಾಪುರ ಸೀಮೆಯ ನಮಗೆ ಗಾಳಿಯ ಬೆಲೆ ತಿಳಿದದ್ದು ಕಣದಲ್ಲಿ. ಜೋಳದ ರಾಶಿ ತೂರುವಾಗ ಗಾಳಿ ನಿಂತರೆ ಮೊರ ಹಿಡಿದವರು ಸುಮ್ಮನೆ ಕೂಡಬೇಕು. ನಡುರಾತ್ರಿ ಗಾಳಿ ಎದ್ದರೆ ನಿದ್ದೆಗಣ್ಣಿನಲ್ಲೇ ಏಳಬೇಕು. ಈಗ ರಾಶಿಯ ಯಂತ್ರ ಬಂದು ಆ ಕಾಯುವಿಕೆ ತಪ್ಪಿದೆ. ಗಾಳಿಯಿಂದ ವಿದ್ಯುತ್ತು ತೆಗೆಯುವವರಿಗೆ ಮಾತ್ರ ತಪ್ಪಿಲ್ಲ.

ಸಾಂಗ್ಲಿ ಜಿಲ್ಲೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ನೋಡಿಬಂದ ನಮ್ಮ ವಿದ್ಯಾರ್ಥಿಯೊಬ್ಬ ಕೇಳಿದ: “ಸರ್, ಮ್ಯಾಲಿನ ಪಂಖಾ ತಿರಗಾಕತ್ತಾವ, ಕೆಳಗಿನ ಊರಾಗ ಲೈಟ್ ಯಾಕಿಲ್ಲ?” ಅವನ ತಂದೆ ರಾತ್ರಿ ಪಾಳಿಯ ಕರೆಂಟಿಗೆ ಕಾದು ಕಬ್ಬಿಗೆ ನೀರು ಬಿಡುವವರು. ಹೀಗಾಗಿ ಅವನಿಗೆ ಇದು ಬರೀ ಪಾಠದ ಪ್ರಶ್ನೆಯಾಗಿರಲಿಲ್ಲ.

ಗುಡ್ಡದ ಮೇಲೆ ಹುಟ್ಟಿದ ವಿದ್ಯುತ್ತು ನೇರವಾಗಿ ಕೆಳಗಿನ ಊರಿಗೆ ಇಳಿಯುವುದಿಲ್ಲ. ಅದು ಉಪಕೇಂದ್ರದಲ್ಲಿ ಹೆಚ್ಚಿನ ವೋಲ್ಟೇಜಿಗೆ ಏರಿ, ನೂರಾರು ವಿದ್ಯುತ್ ಕೇಂದ್ರಗಳನ್ನು ಬೆಸೆದಿರುವ ವಿದ್ಯುಜ್ಜಾಲವನ್ನು ಸೇರುತ್ತದೆ. ಊರಿನ ತಂತಿ ಕೆಟ್ಟಿದ್ದರೂ ಪಾಳಿ ಮುಗಿದಿದ್ದರೂ ಮೇಲಿನ ಪಂಖಾ ತಿರುಗುತ್ತಲೇ ಇರಬಹುದು. ಜಾಲವೇ ನಿಂತರೆ, ಗಾಳಿ ಎಷ್ಟೇ ಬೀಸಲಿ, ಗಾಳಿಯಂತ್ರವೂ ಕೆಲಸ ನಿಲ್ಲಿಸಬೇಕು.

ಜಾಲವನ್ನು ಕೆರೆಯೆಂದು ತಿಳಿಯಬಾರದು. ಕೆರೆಯಲ್ಲಿ ನೀರು ನಿಲ್ಲುತ್ತದೆ, ತಂತಿಯಲ್ಲಿ ವಿದ್ಯುತ್ತು ನಿಲ್ಲುವುದಿಲ್ಲ. ಪ್ರತಿ ಕ್ಷಣವೂ ಎಷ್ಟು ಖರ್ಚೋ ಅಷ್ಟೇ ಉತ್ಪಾದನೆಯಾಗಬೇಕು. ಎಂಜಿನ್ನಿನ ಹಿಟ್ಟಿನ ಗಿರಣಿಯನ್ನು ನೆನೆಯಿರಿ. ಕಾಳು ಒಮ್ಮೆಲೇ ಹೆಚ್ಚು ಬಿದ್ದರೆ ಎಂಜಿನ್ನಿನ ಸದ್ದು ಕುಗ್ಗುತ್ತದೆ. ಆಗ ಅದರ ಗವರ್ನರ್ ಎಣ್ಣೆಯನ್ನು ಹೆಚ್ಚು ಬಿಟ್ಟು ವೇಗವನ್ನು ಮತ್ತೆ ಎತ್ತುತ್ತದೆ. ಜಾಲದಲ್ಲಿಯೂ ಹೀಗೆಯೇ. ನಮ್ಮ ದೇಶದಲ್ಲಿ ಅದರ ಲಯ ಸೆಕೆಂಡಿಗೆ ೫೦ ಆವರ್ತ. ಖರ್ಚು ಹೆಚ್ಚಿದರೆ ಅದು ೫೦ಕ್ಕಿಂತ ಇಳಿಯುತ್ತದೆ, ಉತ್ಪಾದನೆ ಹೆಚ್ಚಿದರೆ ಏರುತ್ತದೆ. ೪೯.೯೦ರಿಂದ ೫೦.೦೫ರ ಒಳಗೆ ಅದನ್ನು ಹಿಡಿದಿಡಬೇಕೆಂಬುದು ನಿಯಮ.

ಗಾಳಿಯ ತೊಡಕು ಇಲ್ಲಿಯೇ. ಕಲ್ಲಿದ್ದಲನ್ನು ಬೇಕಾದಾಗ ಉರಿಸಬಹುದು, ಗಾಳಿಯನ್ನು ಕರೆಯಲಾಗದು. ಅದರಲ್ಲೂ ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ಸೆಕೆಂಡಿಗೆ ೮ ಮೀಟರ್ ಇದ್ದ ವೇಗ ೬ಕ್ಕೆ ಇಳಿಯಿತೆನ್ನಿ. ಕಾಲು ಭಾಗ ತಾನೇ ಕಡಿಮೆಯಾದದ್ದು? ಆದರೆ ೬೪ ಪಾಲಿದ್ದ ಶಕ್ತಿ ೨೭ ಪಾಲಿಗೆ ಬಂದು ನಿಲ್ಲುತ್ತದೆ! (ಗಣಿತದ ಘನವನ್ನು ಬಾಯಿಪಾಠ ಮಾಡಿ ಮರೆತವರು ಇದನ್ನು ಮತ್ತೊಮ್ಮೆ ಲೆಕ್ಕ ಹಾಕಿ ನೋಡಲಿ.)

ಆ ಕೊರತೆಯನ್ನು ಬೇಗನೆ ತುಂಬಬಲ್ಲದ್ದು ನೀರು. ಕಲ್ಲಿದ್ದಲಿನ ತಣ್ಣಗಾದ ಬಾಯ್ಲರು ಕಾಯಲು ಹಲವು ತಾಸು ಬೇಕು. ಕೊಯ್ನಾದಂಥ ಜಲವಿದ್ಯುತ್ ಕೇಂದ್ರದ ಯಂತ್ರ ಕೆಲವೇ ನಿಮಿಷಗಳಲ್ಲಿ ಹೊರೆ ಹೊರುತ್ತದೆ. ಆದರೆ ಆಷಾಢದ ಗಾಳಿ ಜೋರಾಗುವುದೂ ಜಲಾಶಯ ತುಂಬುವುದೂ ಒಂದೇ ಮಳೆಗಾಲದಲ್ಲಿ. ತುಂಬಿದ ಜಲಾಶಯದಲ್ಲಿ ಗಾಳಿಗಾಗಿ ನೀರಿನ ಯಂತ್ರ ನಿಲ್ಲಿಸಿದರೆ ಆ ನೀರು ವಿದ್ಯುತ್ತು ಕೊಡದೆಯೇ ಹರಿದುಹೋಗುತ್ತದೆ. ತಮಿಳುನಾಡಿನ ಕಡಂಪಾರೈಯಲ್ಲಿ ೪೦೦ ಮೆಗಾವ್ಯಾಟಿನ ಒಂದು ಕೇಂದ್ರವಿದೆ. ಅಲ್ಲಿ ವಿದ್ಯುತ್ತು ಹೆಚ್ಚಾದಾಗ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಕೊರತೆಯಾದಾಗ ಕೆಳಗೆ ಬಿಡುತ್ತಾರೆ. ವಿದ್ಯುತ್ತನ್ನು ಕೂಡಿಡುವ ಇದಕ್ಕಿಂತ ಸರಳ ಉಪಾಯ ನಮಗಂತೂ ಕಂಡಿಲ್ಲ.

ಇನ್ನೊಂದು ದಾರಿ, ಜಾಲವನ್ನೇ ಹಿಗ್ಗಿಸುವುದು. ಸಾಂಗ್ಲಿಯಲ್ಲಿ ಗಾಳಿ ನಿಂತಾಗ ಕನ್ಯಾಕುಮಾರಿಯ ಬಳಿಯ ಮುಪ್ಪಂದಲಿನಲ್ಲಿ ಬೀಸುತ್ತಿರಬಹುದು. ಆದರೆ ೨೦೧೩ರ ತನಕ ದಕ್ಷಿಣದ ಜಾಲಕ್ಕೂ ಉಳಿದ ದೇಶದ ಜಾಲಕ್ಕೂ ಬೇರೆ ಬೇರೆ ಲಯವಿತ್ತು. ಬೇರೆ ಬೇರೆ ಹಲಗೆಯ ಬಡಿತಕ್ಕೆ ಕುಣಿಯುವ ಎರಡು ಲೇಜಿಮ್ ಮೇಳಗಳನ್ನು ಹಾಗೆಯೇ ಒಂದು ಮಾಡಿದರೆ ಹೆಜ್ಜೆ ತಪ್ಪದೆ ಇರುವುದೇ? ೨೦೧೩ರ ಡಿಸೆಂಬರ್ ೩೧ರಂದು, ರಾಯಚೂರಿನಿಂದ ನಮ್ಮ ಸೊಲ್ಲಾಪುರಕ್ಕೆ ಬಂದ ೭೬೫ ಕಿಲೋವೋಲ್ಟಿನ ಮಾರ್ಗದ ಮೂಲಕ ಎರಡೂ ಒಂದೇ ಲಯಕ್ಕೆ ಬಂದವು. ಕೂಡುವುದರಲ್ಲಿ ಅಪಾಯವೇ ಇಲ್ಲವೆಂದಲ್ಲ. ೨೦೧೨ರ ಜುಲೈ ೩೦ ಮತ್ತು ೩೧ರಂದು ಉತ್ತರ ಭಾರತದ ಜಾಲ ಕುಸಿದು ಕೋಟಿಗಟ್ಟಲೆ ಜನ ಕತ್ತಲೆಯಲ್ಲಿದ್ದಾಗ, ಬೇರೆಯಾಗಿದ್ದ ದಕ್ಷಿಣದ ಜಾಲ ಕುಸಿಯಲಿಲ್ಲ. ಆದುದರಿಂದ ಇಂದು ಗಾಳಿಯಂತ್ರಗಳವರು ದಿನವನ್ನು ೧೫ ನಿಮಿಷಗಳ ೯೬ ಪಾಲು ಮಾಡಿ, ಪ್ರತಿ ಪಾಲಿಗೂ ಎಷ್ಟು ವಿದ್ಯುತ್ತು ಬಂದೀತೆಂಬ ಅಂದಾಜನ್ನು ಮುಂಚಿತವಾಗಿ ಕೊಡಬೇಕಾಗಿದೆ.

ಇನ್ನು ಆ ವಿದ್ಯಾರ್ಥಿಯ ತಂದೆಯ ಪಾಳಿ. ಉತ್ಪಾದನೆಯನ್ನು ಖರ್ಚಿಗೆ ಹೊಂದಿಸುವಂತೆ, ಖರ್ಚನ್ನೂ ಉತ್ಪಾದನೆಗೆ ಹೊಂದಿಸಬಹುದು. ಹೊಲದ ಪಂಪುಗಳಿಗೆ ಪಾಳಿ ಹಚ್ಚುವುದು ಅದಕ್ಕಾಗಿಯೇ. ಹೊರೆ ಕಡಿಮೆಯಿರುವ ರಾತ್ರಿ ಅವನ್ನು ನಡೆಸಿದರೆ ಜಾಲಕ್ಕೆ ಹಗುರ. ಕೈಯಲ್ಲಿ ಬ್ಯಾಟರಿ ಹಿಡಿದು, ಹಾವು ಚೇಳಿಗೆ ಅಂಜುತ್ತ ಬದುವಿನ ಮೇಲೆ ನಡೆಯುವವರಿಗೆ ಅದು ಹಗುರವೇ ಎಂದು ಲೆಕ್ಕ ಹಾಕಿದವರು ಕಡಿಮೆ. ಈಗ ಮಹಾರಾಷ್ಟ್ರದಲ್ಲಿ ಹೊಲದ ಮಾರ್ಗಗಳಿಗೆ ಸೂರ್ಯಶಕ್ತಿಯ ವಿದ್ಯುತ್ತು ಕೊಟ್ಟು ಪಾಳಿಯನ್ನು ಹಗಲಿಗೆ ತರುವ ಕೆಲಸ ನಡೆದಿದೆ. ಅವರ ಹೊಲದ ಕಡೆ ಅದು ಇನ್ನೂ ಬಂದಿಲ್ಲ. ಈ ವಾರ ಅವರ ಪಾಳಿ ರಾತ್ರಿ ಹನ್ನೊಂದಕ್ಕೆ.