ತಾಳೆ ತೋಟದಿಂದ ಟ್ರ್ಯಾಕ್ಟರ್ ಟ್ಯಾಂಕಿಗೆ?

ಪ್ರಶ್ನೆ: ಭದ್ರಾ ಅಚ್ಚುಕಟ್ಟಿನಲ್ಲಿ ಎರಡೂವರೆ ಎಕರೆ ತಾಳೆ ಇದೆ. ಗೊನೆಯ ರೇಟು ಬಿದ್ದಾಗಲೆಲ್ಲ ಮಗ ಹೇಳ್ತಾನೆ, ‘ಅಪ್ಪಾಜಿ, ನಾವೇ ಎಣ್ಣೆ ತೆಗೆದು ಬಯೋಡೀಸೆಲ್ ಮಾಡಿ ಟ್ರ್ಯಾಕ್ಟರಿಗೆ ಹಾಕೋಣ’ ಅಂತ. ಆಗುತ್ತಾ ಸಾರ್?
– ರೈತ, ಚನ್ನಗಿರಿ ತಾಲ್ಲೂಕು

ಉತ್ತರ: ಮಗ ಹೇಳುವುದು ಸುಳ್ಳಲ್ಲ. ನೂರು ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಮೆಥನಾಲ್, ಒಂದಿಷ್ಟು ಕಾಸ್ಟಿಕ್ ಸೋಡಾ ಬೆರೆಸಿ, 60 ಡಿಗ್ರಿ ಬಿಸಿಯಲ್ಲಿ ಗಂಟೆ ಹೊತ್ತು ಕಲಕಿದರೆ ಗ್ಲಿಸರಿನ್ ಕೆಳಗಿಳಿದು ಬಯೋಡೀಸೆಲ್ ಮೇಲೆ ನಿಲ್ಲುತ್ತದೆ. ತೊಡಕಿರುವುದು ಅದಕ್ಕೂ ಮುಂಚೆ. ಗೊನೆ ಕಡಿದ ಗಳಿಗೆಯಿಂದಲೇ ಹಣ್ಣಿನೊಳಗಿನ ಕಿಣ್ವ ಎಣ್ಣೆಯನ್ನು ಒಡೆಯತೊಡಗುತ್ತದೆ. ‘24 ಗಂಟೆಯೊಳಗೆ ತನ್ನಿ’ ಎಂದು ಕಾರ್ಖಾನೆಯವರು ಜೀವ ತಿನ್ನುವುದು ಇದಕ್ಕೇ. ತಡವಾದರೆ ಎಣ್ಣೆಯಲ್ಲಿ ಆಮ್ಲ ಹೆಚ್ಚುತ್ತದೆ; ಕಾಸ್ಟಿಕ್ ಸೇರಿದೊಡನೆ ಡೀಸೆಲ್ ಬದಲು ಸಾಬೂನು ಕೈಗೆ ಬರುತ್ತದೆ. ಗೊನೆಗೆ ಹಬೆ ಕೊಟ್ಟು ಆ ಕಿಣ್ವವನ್ನು ಅಡಗಿಸುವ ಕೆಲಸ ಹಿತ್ತಲಲ್ಲಿ ಆಗುವ ಮಾತಲ್ಲ. ಮೆಥನಾಲಂತೂ ಕುಡಿದವರ ಕಣ್ಣು ಕಳೆಯುವ ವಿಷ, ಬೆಂಕಿಗೂ ಹತ್ತಿರದ ನೆಂಟ. ಇಷ್ಟೆಲ್ಲ ಮಾಡಿದರೂ ತಾಳೆಯ ಬಯೋಡೀಸೆಲ್ 15 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಧನುರ್ಮಾಸದ ಬೆಳಗ್ಗೆ ಟ್ರ್ಯಾಕ್ಟರಿಗೂ ಕಂಬಳಿ ಹೊದಿಸಬೇಕಾದೀತು! ಗೊನೆಯನ್ನು ಕಾರ್ಖಾನೆಗೇ ಕೊಡಿ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ದೇಶ ನಮ್ಮದು.

ಪ್ರಶ್ನೆ: ಇಂಡೊನೇಷ್ಯಾದಲ್ಲಿ ಡೀಸೆಲ್‌ಗೆ ಶೇ 40ರಷ್ಟು ತಾಳೆ ಬಯೋಡೀಸೆಲ್ ಬೆರೆಸುತ್ತಾರಂತೆ. ಯುರೋಪಿಗೆ ಅದು ಬೇಡವಂತೆ. ಯಾರು ಸರಿ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಯಾವ ನೆಲದ ಎಣ್ಣೆ ಎಂದು ಮೊದಲು ಕೇಳಬೇಕು. ಹೆಕ್ಟೇರಿಗೆ ಮೂರು–ನಾಲ್ಕು ಟನ್ ಎಣ್ಣೆ ಕೊಡುವ ಬೆಳೆ ತಾಳೆ. ಸೋಯಾದ್ದು ಅರ್ಧ ಟನ್ ಆಸುಪಾಸು. ಅಲ್ಲಿನ ಸರ್ಕಾರ 2020ರಲ್ಲಿ ಶೇ 30 ಇದ್ದ ಬೆರಕೆಯನ್ನು 2025ಕ್ಕೆ ಶೇ 40 ಮಾಡಿದ್ದರಲ್ಲಿ ಅಚ್ಚರಿಯಿಲ್ಲ. ಆದರೆ ಸುಮಾತ್ರಾ, ಕಾಲಿಮಂತಾನ್‌ಗಳ ಎಷ್ಟೋ ತೋಟಗಳು ಎದ್ದದ್ದು ಜೌಗು ಕಾಡಿನ ನೀರು ಬಸಿದು. ಸಾವಿರಾರು ವರ್ಷ ನೀರಿನಡಿ ಕೊಳೆಯದೆ ಕೂತಿದ್ದ ಆ ಪೀಟ್ ಮಣ್ಣು ಒಣಗಿದೊಡನೆ ಕೊಳೆಯುತ್ತದೆ, ಹೊತ್ತಿಯೂ ಉರಿಯುತ್ತದೆ. 2015ರ ಹೊಗೆ ಸಿಂಗಪುರವನ್ನೂ ಮುಸುಕಿತ್ತು. ಅಂಥ ತೋಟದ ಬಯೋಡೀಸೆಲ್‌ನಿಂದ, ಬರೀ ಡೀಸೆಲ್ ಉರಿಸಿದ್ದಕ್ಕಿಂತ ಹೆಚ್ಚು ಇಂಗಾಲ ಗಾಳಿಗೆ ಸೇರುತ್ತದೆ. 2030ರೊಳಗೆ ಕೈಬಿಡಲು ಯುರೋಪ್ ಹೊರಟದ್ದು ಈ ಕಾರಣಕ್ಕೆ. ತಮ್ಮ ರೇಪ್‌ಸೀಡ್ ರೈತರ ಮೇಲಿನ ಮಮತೆಯೂ ಇದೆ ಎಂಬುದು ಇಂಡೊನೇಷ್ಯಾದ ದೂರು, ಅದನ್ನೂ ತಳ್ಳಿಹಾಕಲಾರೆ.

ಪ್ರಶ್ನೆ: ಬಜ್ಜಿ–ಬೋಂಡಾ ಅಂಗಡಿ ನಮ್ಮದು. ಕರಿದುಳಿದ ಪಾಮಾಯಿಲ್ ಕೇಳಿಕೊಂಡು ಬರುತ್ತಾರೆ, ಕೊಡಬಹುದೇ?
– ಹುಬ್ಬಳ್ಳಿ

ಉತ್ತರ: ಧಾರಾಳವಾಗಿ. ಪಾಮಾಯಿಲ್ ಇಂಧನವಾಗುವುದಾದರೆ ನಿಮ್ಮ ಬಾಣಲೆ ದಾಟಿದ ಮೇಲೇ ಆಗಲಿ. ಎಫ್‌ಎಸ್‌ಎಸ್‌ಎಐನ ‘ರೂಕೋ’ ಯೋಜನೆ 2018ರಿಂದ ಇರುವುದೇ ಇದಕ್ಕೆ. ನೋಂದಾಯಿತ ಸಂಗ್ರಹಕಾರರಿಗೇ ಕೊಟ್ಟು ರಸೀದಿ ಇಟ್ಟುಕೊಳ್ಳಿ. ನಾಲ್ಕು ಕಾಸು ಜಾಸ್ತಿ ಕೊಟ್ಟು ರಸೀದಿ ಕೊಡದವನ ಡಬ್ಬದ ಎಣ್ಣೆ ಪಕ್ಕದ ಬೀದಿಯ ಬಾಣಲೆಗೇ ಹೋಗಬಹುದು.