ಮಡಚುವ ಲ್ಯಾಪ್‌ಟಾಪ್ ಕೊಂಡ ಮೊಮ್ಮಗಳಿಗೆ

ಪುಟ್ಟೀ,

ನೀನು ಕೊಂಡಿರುವ ಲ್ಯಾಪ್‌ಟಾಪು ಮುಖ್ಯವಾಗಿ ಎರಡು ರೀತಿ ಕೂರುತ್ತೆ. ತೆರೆದು ಮುಂದಿಟ್ಟುಕೊಂಡರೆ ಕೀಬೋರ್ಡು ಬೆರಳಿನ ಕೆಳಗಿರುತ್ತೆ. ಪರದೆಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಕೀಬೋರ್ಡು ಬೆನ್ನಿಗೆ ಹೋಗಿ ಕೈಯಲ್ಲಿ ಬರೀ ಗಾಜು ಉಳಿಯುತ್ತೆ. ಮೊದಲನೆಯದು ಕೆಲಸಕ್ಕೆ ಕೂತ ಹಾಗೆ. ಎರಡನೆಯದರಲ್ಲಿ ಕೆಲಸವೂ ನಡೆಯಬಹುದು, ಒರಗಿಕೊಂಡು ಒಂದಾದ ಮೇಲೊಂದು ವಿಡಿಯೋ ನೋಡುತ್ತಾ ಸಂಜೆ ಕಳೆದೂ ಹೋಗಬಹುದು. ಯಂತ್ರ ಕೆಲವು ವರ್ಷಕ್ಕೆ ಹಳತಾಗಿಬಿಡುತ್ತೆ ಮಗು. ಅದರಲ್ಲಿ ನೀನು ಮಾಡಿಟ್ಟದ್ದು ಮಾತ್ರ ನಿನ್ನ ಪಾಲಿಗೆ ಉಳಿಯುವುದು. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಕಾಗದ ಬರೀತಿದ್ದೀನಿ.

ಇಂಥ ಚಿಕ್ಕ ಯಂತ್ರದ ಕನಸು ನಮ್ಮೂರಿಗೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರ ಜೊತೆ ಸೇರಿ 2001ರಲ್ಲಿ ಸಿಂಪ್ಯೂಟರ್ ಅನ್ನುವ ಅಂಗೈ ಅಗಲದ ಕಂಪ್ಯೂಟರನ್ನು ಜನರ ಮುಂದಿಟ್ಟರು. ಕಡ್ಡಿಯಲ್ಲಿ ಮುಟ್ಟಿದರೆ ಕೆಲಸ ಮಾಡುತ್ತಿತ್ತು, ಕನ್ನಡದ ಬರಹವನ್ನು ಓದಿ ಹೇಳುವ ತಂತ್ರಾಂಶವೂ ಅದಕ್ಕಾಗಿ ತಯಾರಾಗಿತ್ತು. 2004ರಲ್ಲಿ ಅದರ ಒಂದು ಮಾದರಿ ಅಮಿಡ ಅನ್ನುವ ಹೆಸರಲ್ಲಿ, ನಮ್ಮ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾಗಿ, ಹತ್ತು ಸಾವಿರದ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಂತು. ಹತ್ತು ವರ್ಷದ ನಂತರ, 2014ರಲ್ಲಿ, ಬೆಂಗಳೂರಿನದೇ ಆದ ನೋಷನ್ ಇಂಕ್ ಕಂಪನಿ ಕೇನ್ ಅನ್ನುವ, ಕೀಬೋರ್ಡು ಜೋಡಿಸಿದರೆ ಲ್ಯಾಪ್‌ಟಾಪು, ಕಳಚಿದರೆ ಟ್ಯಾಬ್ಲೆಟ್ಟು ಆಗುವ 10.1 ಇಂಚಿನ ಯಂತ್ರವನ್ನು ₹19,990ಕ್ಕೆ ಮಾರಿತು. ನಿನ್ನ ಕೈಲಿರುವುದರ ಹತ್ತಿರದ ನೆಂಟ ಅದು. ಅದರಲ್ಲಿ 2 ಜಿಬಿ ರ‍್ಯಾಮು, 32 ಜಿಬಿ ಜಾಗ ಇತ್ತು. ಇವತ್ತು ವಿಂಡೋಸ್ 11 ಹಾಕಬೇಕಾದರೆ ಕನಿಷ್ಠ 4 ಜಿಬಿ ರ‍್ಯಾಮು, 64 ಜಿಬಿ ಜಾಗ ಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಬುದ್ಧಿವಂತರು ಅಕ್ಕರೆಯಿಂದ ಮಾಡಿದ ಯಂತ್ರವೂ ಇಷ್ಟು ಬೇಗ ಹಿಂದೆ ಬೀಳುತ್ತೆ ಅನ್ನುವುದನ್ನು ಈಗಲೇ ತಿಳಿದುಕೊಂಡಿರು.

ಮೊದಲು ಪೆನ್ನಿನ ವಿಷಯ. ಟ್ಯಾಬ್ಲೆಟ್ಟಾಗಿ ತಿರುಗಿಸಿದಾಗೆಲ್ಲ ಕೈಯಲ್ಲಿ ಪೆನ್ನು ಇರಲಿ. ಪೆನ್ನು ಹಿಡಿದ ಕೈ ಸುಮ್ಮನೆ ಪರದೆ ಸರಿಸುತ್ತಾ ಕೂರುವುದಿಲ್ಲ, ಲೆಕ್ಕ ಮಾಡುತ್ತೆ, ಪುಸ್ತಕದ ಅಂಚಿನಲ್ಲಿ ಪ್ರಶ್ನೆ ಬರೆಯುತ್ತೆ. ಬಿಎಂಎಸ್ ಕಾಲೇಜಿನಲ್ಲಿ ನಿಮಗೆ ಸರ್ಕ್ಯೂಟಿನ ಚಿತ್ರ, ಇಂಟಿಗ್ರೇಷನ್ನು, ಗ್ರಾಫು ಇವೇ ತಾನೇ ದಿನಾ? ಇವನ್ನು ಕೀಬೋರ್ಡಿನಲ್ಲಿ ಹೊಡೆಯುವುದು ದಂಡದ ಕೆಲಸ. ಆದರೆ ಯಾವ ಪೆನ್ನಾದರೂ ಆಗುತ್ತೆ ಅಂದುಕೊಳ್ಳಬೇಡ. ರಬ್ಬರ್ ತುದಿಯ ಅಗ್ಗದ ಪೆನ್ನು ಪರದೆಗೆ ಬೆರಳಿದ್ದ ಹಾಗೆ, ಅಂಗೈ ಊರಿದರೆ ಅದೂ ಗೀಚಿಬಿಡುತ್ತೆ. ಒತ್ತಿದಷ್ಟು ದಪ್ಪ ಗೆರೆ ಬರಬೇಕು, ಅಂಗೈಯನ್ನು ಪರದೆ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅಂದರೆ ಆ್ಯಕ್ಟಿವ್ ಪೆನ್ನು ಬೇಕು. ಅದರಲ್ಲೂ ಮೈಕ್ರೋಸಾಫ್ಟಿನದು, ವೇಕಮ್‌ನದು, ಯುಎಸ್‌ಐ ಅಂತ ಬೇರೆ ಬೇರೆ ಪದ್ಧತಿಗಳಿವೆ. ಒಂದರ ಪೆನ್ನು ಇನ್ನೊಂದರ ಪರದೆಗೆ ಸಾಮಾನ್ಯವಾಗಿ ಆಗಿಬರುವುದಿಲ್ಲ. ಯಂತ್ರದ ವಿವರಪಟ್ಟಿಯಲ್ಲಿ ಯಾವುದು ಅಂತ ನೋಡಿಕೊಂಡೇ ದುಡ್ಡು ಕೊಡು. ಗಾಜಿನ ಮೇಲೆ ನಮ್ಮ ಕನ್ನಡದ ಗುಂಡು ಅಕ್ಷರ ಜಾರುತ್ತೆ. ಮ್ಯಾಟ್ ಹಾಳೆ ಅಂಟಿಸಿಕೊಂಡರೆ ಕಾಗದದ ತರಿ ಸಿಕ್ಕಿ ಕೈ ನಿಲ್ಲುತ್ತೆ.

ಉದ್ದನೆಯ ಬರವಣಿಗೆಗೆ ಮಾತ್ರ ಮೇಜಿನ ಮುಂದೆ ಕೂತು ಕೀಬೋರ್ಡೇ ಬಳಸು. ಕನ್ನಡವನ್ನೂ ಅದರಲ್ಲೇ ಬರೆಯುವ ಅಭ್ಯಾಸ ಮಾಡಿಕೋ. ನಿಮ್ಮ ವಯಸ್ಸಿನವರು ವಾಟ್ಸಾಪಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದು ನೋಡಿದರೆ ನನಗೆ ನಿಜವಾಗಿ ಸಂಕಟವಾಗುತ್ತೆ, ಯಾಕಂದರೆ ಈಗ ಅದಕ್ಕೆ ಯಾವ ಕಾರಣವೂ ಉಳಿದಿಲ್ಲ. 2019ರಿಂದ ವಿಂಡೋಸಿನಲ್ಲೇ ಉಚ್ಚಾರಣೆಯಂತೆ ಬರೆಯುವ ಕನ್ನಡ ಕೀಬೋರ್ಡಿದೆ. ನನ್ನ ಕೇಳಿದರೆ ಕೆ.ಪಿ. ರಾವ್ ಅವರ ವಿನ್ಯಾಸವನ್ನೇ ಕಲಿ. ನುಡಿ ತಂತ್ರಾಂಶದಲ್ಲಿರುವುದು ಅದೇ ಜಾಡಿನದು. ಎರಡು ವ್ಯಂಜನದ ನಡುವೆ ಎಫ್ ಕೀಲಿ ಒತ್ತಿದರೆ ಒತ್ತಕ್ಷರ ಬರುತ್ತೆ. ಕೆಲವು ವಾರ ಬೆರಳು ತಡವರಿಸಬಹುದು, ಆಮೇಲೆ ಅದು ನಿನ್ನ ಜನ್ಮದ ಆಸ್ತಿ. ಬರೆದದ್ದು ಯೂನಿಕೋಡಿನಲ್ಲಿರಲಿ. 1991ರ ಮೊದಲ ಆವೃತ್ತಿಯಿಂದಲೂ ಅದರಲ್ಲಿ ಕನ್ನಡಕ್ಕೆ ಜಾಗವಿದೆ. ಹಳೆಯ ಫಾಂಟುಗಳಲ್ಲಿ ಬರೆದಿಟ್ಟ ಎಷ್ಟೋ ಲೇಖನ, ಮದುವೆ ಕರೆಯೋಲೆ, ವಂಶವೃಕ್ಷಗಳು ಇವತ್ತು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತವೆ. ಬರೆದವರ ಶ್ರಮ ಅಲ್ಲೇ ಇದೆ, ಓದುವವರಿಗೆ ಸಿಗುವುದಿಲ್ಲ.

ಇನ್ನು ಯಂತ್ರದ ಮೈ ನೋಡಿಕೊಳ್ಳುವುದು. ಮುಚ್ಚಳವನ್ನು ಒಂದು ಮೂಲೆ ಹಿಡಿದು ಎತ್ತಬೇಡ, ನಡುವೆ ಹಿಡಿದು ತೆರೆ. ತಿರುಗಿಸುವಾಗ ಎರಡು ಕೈಯೂ ಇರಲಿ. ಪರದೆಗೆ ಹೋಗುವ ತೆಳು ಕೇಬಲ್ಲು ಮುಚ್ಚಳದ ಕೀಲಿನ ಪಕ್ಕದಲ್ಲೇ ಹಾದುಹೋಗುತ್ತೆ. ಕೀಲು ಸೊಟ್ಟಗಾದರೆ ಪರದೆಯೂ ಕಣ್ಣು ಮಿಟುಕಿಸಲು ಶುರುಮಾಡುತ್ತೆ. ಇಂಥ ಚಿಕ್ಕ ಯಂತ್ರಗಳಲ್ಲಿ ಹಲವಕ್ಕೆ ಫ್ಯಾನೇ ಇರುವುದಿಲ್ಲ, ಬಿಸಿಯೆಲ್ಲ ಮೈಯಿಂದಲೇ ಹೊರಹೋಗಬೇಕು. ಹಾಸಿಗೆಯ ಮೇಲೆ, ರಗ್ಗಿನ ಮೇಲೆ ಇಟ್ಟು ಚಾರ್ಜಿಗೆ ಹಾಕಿದರೆ ಆ ಬಿಸಿ ಬ್ಯಾಟರಿಯನ್ನು ತಿನ್ನುತ್ತೆ. ಲಿಥಿಯಂ ಬ್ಯಾಟರಿಗೆ ಸೆಕೆಯಂಥ ಶತ್ರು ಇಲ್ಲ, ಚಾರ್ಜನ್ನು ಸದಾ ಶೇಕಡಾ ನೂರರಲ್ಲಿ ನಿಲ್ಲಿಸುವುದೂ ಅದಕ್ಕೆ ಆಯಾಸ. ಸೆಟ್ಟಿಂಗಿನಲ್ಲಿ 80ಕ್ಕೆ ನಿಲ್ಲಿಸುವ ಸೌಲಭ್ಯವಿದ್ದರೆ ಹಾಕಿಬಿಡು. ಮುಂದೆ ಯಾವತ್ತಾದರೂ ಟಚ್‌ಪ್ಯಾಡು ಉಬ್ಬಿದ ಹಾಗೆ, ತಳ ಮೇಜಿನ ಮೇಲೆ ಆಡಿದ ಹಾಗೆ ಕಂಡರೆ ಅದು ಬ್ಯಾಟರಿ ಊದಿಕೊಂಡಿರುವ ಗುರುತು. ಆ ಕ್ಷಣವೇ ಚಾರ್ಜು ತೆಗೆದು ಬಳಸುವುದು ನಿಲ್ಲಿಸು, ಒತ್ತಿ ಕೂರಿಸಲು ಹೋಗಬೇಡ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಹೊಸದು ಹಾಕಿಸುವುದಾದರೆ ಬ್ಯಾಟರಿಯ ಪಾರ್ಟ್ ನಂಬರು ಬರೆದುಕೊಂಡು ಹೋಗು, ಬಿಲ್ಲು ಕೇಳು. ಹಳೆಯ ಬ್ಯಾಟರಿಯನ್ನು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡು, ಬೆಳಿಗ್ಗೆ ಬರುವ ಕಸದ ಗಾಡಿಗೆ ಹಾಕಬೇಡ. ಆ ಗಾಡಿಯಲ್ಲಿ ಕೈಯಿಂದ ಕಸ ಬೇರೆ ಮಾಡುವವರು ಮನುಷ್ಯರು.

ಜಾಗ ಕಡಿಮೆ ಅಂತ ಬೇಸರಪಟ್ಟುಕೊಳ್ಳಬೇಡ. ಸಂಗ್ರಹದ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಮುಂದೆ ಅದನ್ನು ಹೆಚ್ಚಿಸುವ ಹಾಗಿಲ್ಲ. ಸಿನಿಮಾಗಳಿಗೆ ಬೇರೆ ದಾರಿಯಿದೆ, ಇದರಲ್ಲಿ ನಿನ್ನ ಕೆಲಸ ಇರಲಿ. ಮುಖ್ಯವಾದದ್ದಕ್ಕೆ ಮೂರು ಪ್ರತಿ ಬೇಕು, ಒಂದು ಯಂತ್ರದಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಮನೆಯಿಂದಾಚೆ. ಇದಕ್ಕಿಂತ ತುರ್ತಾದದ್ದು ಇನ್ನೊಂದಿದೆ. ಈಗಿನ ವಿಂಡೋಸ್ ಯಂತ್ರಗಳು ಒಳಗಿನ ಡಿಸ್ಕಿಗೆ ನಿನ್ನನ್ನು ಕೇಳದೆಯೇ ಬೀಗ ಹಾಕಿರಬಹುದು. ದುರಸ್ತಿಯಾದ ಮೇಲೆ ಅದು 48 ಅಂಕಿಯ ರಿಕವರಿ ಕೀ ಕೇಳಿದರೆ, ಅದಿಲ್ಲದೆ ಯಾರೂ ಒಳಗೆ ಹೋಗಲಾರರು. ನಿನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ, ಕಾಗದದ ಮೇಲೆ ಬರೆದು ಗಾಡ್ರೇಜ್ ಬೀರುವಿನಲ್ಲಿ ಮನೆಪತ್ರದ ಜೊತೆ ಇಡು. ಇವತ್ತೇ.

ಸಿಂಪ್ಯೂಟರಿನಲ್ಲಿ ನನಗೆ ಬಹಳ ಹಿಡಿಸಿದ ಯೋಚನೆಯೊಂದಿತ್ತು. ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಸ್ಮಾರ್ಟ್ ಕಾರ್ಡಿದ್ದರೆ ಸಾಕು, ಯಂತ್ರ ಒಂದೇ ಇದ್ದರೂ ಊರಿನವರೆಲ್ಲ ಹಂಚಿಕೊಂಡು ಬಳಸಬಹುದು. ನೀನೂ ನಿನ್ನ ತಮ್ಮನಿಗೆ, ಅಜ್ಜಿಗೆ ಬೇರೆ ಬೇರೆ ಖಾತೆ ಮಾಡಿಕೊಡು. ಅಜ್ಜಿಯ ಖಾತೆಯಲ್ಲಿ ಅಕ್ಷರ ದೊಡ್ಡದಾಗಿರಲಿ.

ಎನ್.ಆರ್. ಕಾಲೋನಿಯಲ್ಲಿರುವ, ಡಿವಿಜಿ ಅವರು 1945ರಲ್ಲಿ ಕಟ್ಟಿದ ಗೋಖಲೆ ಸಂಸ್ಥೆ ನಮ್ಮ ಮನೆಯಿಂದ ನಡೆಯುವಷ್ಟು ದೂರ. ಅಲ್ಲಿ ಹೋಗಿ ಕೂತು ಓದು, ಬರೆ. ಮನೆಯ ಗದ್ದಲದಲ್ಲಿ ಆಗದ ಕೆಲಸ ಅಲ್ಲಿ ಆಗುತ್ತೆ. ಮಳೆಗಾಲದಲ್ಲಿ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಕವರು ಇರಲಿ.

ನಿನ್ನಿಂದ ಆಗಬೇಕಾದ ಮೊದಲ ಕೆಲಸವನ್ನೂ ಹೇಳಿಬಿಡುತ್ತೇನೆ. ಅಜ್ಜಿಯ ಹಾಡಿನ ಪುಸ್ತಕ ನಿನಗೆ ಗೊತ್ತಲ್ಲ, ಹಸೆಗೆ ಕರೆಯುವ ಹಾಡು, ಉರುಟಣೆ ಹಾಡು, ಗೌರಿ ಹಾಡು, ಆರತಿ ಹಾಡು ಎಲ್ಲ ಅವಳ ಅಮ್ಮನ ಕೈಬರಹದಲ್ಲಿ ಶುರುವಾಗಿ ಅವಳ ಕೈಬರಹದಲ್ಲಿ ಮುಂದುವರಿದಿದೆ. ಹಾಳೆ ಅಂಚಿನಲ್ಲಿ ಪುಡಿಯಾಗುತ್ತಿದೆ. ಪುಸ್ತಕವನ್ನು ಪೂರ್ತಿ ಅಗಲಿಸಬೇಡ, ಹೊಲಿಗೆ ಬಿಡುತ್ತೆ. ಬೆಳಿಗ್ಗೆ ಕಿಟಕಿಯ ಪಕ್ಕ, ನೇರ ಬಿಸಿಲು ಬೀಳದ ಕಡೆ ಇಟ್ಟು, ಫ್ಲ್ಯಾಶ್ ಹಾಕದೆ, ನೇರ ಮೇಲಿಂದ ಒಂದೊಂದೇ ಪುಟದ ಚಿತ್ರ ತೆಗಿ. ನಿನ್ನ ಫೋನಿನ ಕ್ಯಾಮೆರಾ ಲ್ಯಾಪ್‌ಟಾಪಿನದಕ್ಕಿಂತ ಚೆನ್ನಾಗಿದ್ದರೆ ಅದರಲ್ಲೇ ತೆಗೆದು ಲ್ಯಾಪ್‌ಟಾಪಿಗೆ ಹಾಕಿಕೋ. ಕಡತಕ್ಕೆ ಹಾಡಿನ ಹೆಸರು, ಪುಟದ ಸಂಖ್ಯೆ ಕೊಡು. ಆಮೇಲೆ ಪರದೆಯ ಒಂದು ಅರ್ಧದಲ್ಲಿ ಚಿತ್ರ ಇಟ್ಟುಕೊಂಡು ಇನ್ನೊಂದು ಅರ್ಧದಲ್ಲಿ ಯೂನಿಕೋಡಿನಲ್ಲಿ ಹೊಡಿ. ಓದಲಾಗದ ಮಾತು ಬಂದರೆ ಊಹಿಸಿ ತುಂಬಬೇಡ, ಗುರುತು ಹಾಕಿಟ್ಟು ಅಜ್ಜಿಯನ್ನು ಕೇಳು. ಕೇಳಿದರೆ ಅವಳು ಹೇಳುವುದಿಲ್ಲ, ಹಾಡಿಬಿಡುತ್ತಾಳೆ. ಆಗ ಪರದೆಯನ್ನು ಅರ್ಧ ಹಿಂದಕ್ಕೆ ಮಡಚಿ ಯಂತ್ರವನ್ನು ಗುಡಾರದ ಹಾಗೆ ನಿಲ್ಲಿಸಿ ರೆಕಾರ್ಡಿಂಗ್ ಒತ್ತು, ಕೋಣೆಯ ಫ್ಯಾನು ಆರಿಸು. ಹಾಡು ಯಾರ ಮನೆಯಿಂದ ಕಲಿತದ್ದು, ಯಾವ ಶಾಸ್ತ್ರಕ್ಕೆ ಹಾಡುತ್ತಿದ್ದರು ಅನ್ನುವುದನ್ನೂ ಕೇಳಿ ಕೆಳಗೆ ಬರೆ. ಸಡಿಲವಾಗಿರುವ ಪುಟಗಳಿಂದಲೇ ಶುರುಮಾಡು. ಅವು ಪುಸ್ತಕದ ಕೊನೆಯಲ್ಲಿ, ಸೀರೆ ಅಂಗಡಿಯ ಹಳೇ ಕವರಿನೊಳಗೆ ಇವೆ.