ನದಿಗಳ ನಡುವಿನ ನಾಡು

ನಾಲ್ಕೂ ದಿಕ್ಕಿಗೆ ನೀರಿರುವ ನೆಲವನ್ನು ದ್ವೀಪವೆಂದು ಕರೆಯುವುದನ್ನು ನೀವು ಭೂಗೋಳದಲ್ಲಿ ಓದಿದ್ದೀರಿ. ಕಡಲಿನಿಂದ ಬಹು ದೂರದಲ್ಲಿರುವ ಬೆಳಗಾವಿ ಜಿಲ್ಲೆಯಲ್ಲಿಯೂ ದ್ವೀಪಗಳುಂಟು ಎಂದರೆ ನಿಮಗೆ ಆಶ್ಚರ್ಯವಾದೀತು. ಮಳೆಗಾಲದಲ್ಲಿ ಕೃಷ್ಣೆ ಉಕ್ಕಿದಾಗ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನದೀತೀರದ ಹಲವು ಊರುಗಳು ಕೆಲವು ದಿನಗಳ ಮಟ್ಟಿಗೆ ನಿಜವಾಗಿಯೂ ದ್ವೀಪಗಳಾಗುತ್ತವೆ. ಸೇತುವೆಗಳು ಮುಳುಗುತ್ತವೆ, ದಾರಿಗಳು ಕಾಣದಾಗುತ್ತವೆ, ದೋಣಿಯೊಂದೇ ಗತಿಯಾಗುತ್ತದೆ.

ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ. ಕರಾಡದಲ್ಲಿ ಕೊಯ್ನೆಯನ್ನೂ ನರಸೋಬಾವಾಡಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ಅದು ಕರ್ನಾಟಕವನ್ನು ಪ್ರವೇಶಿಸುತ್ತದೆ. ಇತ್ತ ನಿಪ್ಪಾಣಿಯ ಕಡೆಯಿಂದ ವೇದಗಂಗೆಯು ದೂಧಗಂಗೆಯನ್ನು ಸೇರುತ್ತದೆ. ದೂಧಗಂಗೆಯು ಕೃಷ್ಣೆಯಲ್ಲಿ ಒಂದಾಗುತ್ತದೆ. ಸಹ್ಯಾದ್ರಿಯಲ್ಲಿ ಬಿದ್ದ ಮಳೆ ಹೀಗೆ ಹಲವು ದಾರಿಗಳಿಂದ ಈ ಬಯಲಿಗೆ ಬರುತ್ತದೆ. ಅಥಣಿಯಂಥ ಊರಿನ ಮೇಲೆ ಸುರಿಯುವ ಮಳೆಯಾದರೋ ಬಹಳ ಕಡಿಮೆ. ತಮ್ಮ ಊರಿನಲ್ಲಿ ಮಳೆಯಿಲ್ಲದಿದ್ದರೂ ಹೊಲಗಳು ಮುಳುಗುವುದನ್ನು ಇಲ್ಲಿಯ ಜನ ಕಂಡಿದ್ದಾರೆ.

2005, 2019 ಮತ್ತು 2021ನೆಯ ಇಸವಿಗಳ ನೆರೆಗಳನ್ನು ಇಲ್ಲಿಯವರು ಮರೆತಿಲ್ಲ. 2019ರ ಆಗಸ್ಟಿನಲ್ಲಿ ರಾಜ್ಯದಲ್ಲಿಯೇ ಹೆಚ್ಚು ಹಾನಿಯನ್ನು ಅನುಭವಿಸಿದ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಜನರು ದನಕರುಗಳೊಡನೆ ಪರಿಹಾರ ಕೇಂದ್ರಗಳಿಗೆ ಹೋಗಬೇಕಾಯಿತು. ಮಣ್ಣಿನ ಗೋಡೆಯ ಮನೆಗಳು ಕುಸಿದವು. ವಿಚಿತ್ರವೆಂದರೆ, ಇದೇ ನದಿ ಕೆಲವು ಬೇಸಗೆಗಳಲ್ಲಿ ಮರಳಿನ ಹಾಸಾಗಿ ಬಿಡುತ್ತದೆ. ಆಗ ಕೊಯ್ನಾ ಜಲಾಶಯದಿಂದ ನೀರು ಬಿಡುವಂತೆ ಕರ್ನಾಟಕವು ನೆರೆಯ ರಾಜ್ಯವನ್ನು ಕೇಳಬೇಕಾಗುತ್ತದೆ.

2011ರ ಜನಗಣತಿಯಂತೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ 47,79,661. ಚದರ ಕಿಲೋಮೀಟರಿಗೆ 356 ಜನರು ವಾಸಿಸುತ್ತಿದ್ದರು. ನೂರರಲ್ಲಿ ಸುಮಾರು 75 ಜನರು ಹಳ್ಳಿಗಳಲ್ಲಿದ್ದರು. ಜನಸಂಖ್ಯೆ ಬೆಳೆದಂತೆ ಆಡಳಿತವೂ ಜನರ ಸಮೀಪಕ್ಕೆ ಬರಬೇಕಾಯಿತು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರ್ಪಟ್ಟು ಹೊಸ ತಾಲೂಕುಗಳಾದವು. ಲಿಂಗಾಯತರು, ಜೈನರು, ಮರಾಠರು, ಕುರುಬರು, ದಲಿತರು, ಮುಸಲ್ಮಾನರು ಇಲ್ಲಿ ತಲೆತಲಾಂತರದಿಂದ ಕೂಡಿ ಬಾಳಿದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮಾತನಾಡುವವರು ಇಲ್ಲಿ ಹಲವರು. ಚಿಂಚಲಿಯ ಮಾಯಕ್ಕದೇವಿಯ ಜಾತ್ರೆಗೆ ಎರಡೂ ರಾಜ್ಯಗಳ ಭಕ್ತರು ನೆರೆಯುತ್ತಾರೆ.

ಈ ನಾಡಿನ ಮುಖ್ಯ ಬೆಳೆ ಕಬ್ಬು. ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪಿತವಾದ ಸಕ್ಕರೆ ಕಾರ್ಖಾನೆಯ ಬಳಿಕ ಈ ಭಾಗದಲ್ಲಿ ಸಹಕಾರಿ ಹಾಗೂ ಖಾಸಗಿ ಕಾರ್ಖಾನೆಗಳು ಹಲವು ತಲೆಯೆತ್ತಿದವು. ಕಬ್ಬು ರೈತನಿಗೆ ಹಣ ತಂದಿತು. ಹಳ್ಳಿಗಳಲ್ಲಿ ಶಾಲೆಗಳೂ ಪಕ್ಕಾ ಮನೆಗಳೂ ಎದ್ದವು. ಆದರೆ ಲಾಭದ ಜೊತೆಗೆ ನಷ್ಟವೂ ಬಂದಿತು. ಮಿತಿಮೀರಿ ನೀರುಣಿಸಿದ ಕಡೆಗಳಲ್ಲಿ ಕಪ್ಪುಮಣ್ಣು ಸವಳು ಜವಳಾಯಿತು. ನೀರು ಬಸಿದು ಹೋಗಲು ದಾರಿಯಿಲ್ಲದಿದ್ದರೆ ಮಣ್ಣಿನೊಳಗಿನ ಉಪ್ಪು ಮೇಲೆ ಬಂದು, ಬಂಗಾರದಂಥ ಭೂಮಿಯೂ ಬಂಜೆಯಾಗುತ್ತದೆ. ಇತ್ತ ಅಥಣಿಯ ಪೂರ್ವಭಾಗದಲ್ಲಿ ನೀರಿನ ಕೊರತೆಯೇ ದೊಡ್ಡ ಚಿಂತೆ. ಅಲ್ಲಿ ಜೋಳದ ಜೊತೆಗೆ ದ್ರಾಕ್ಷಿಯನ್ನೂ ಬೆಳೆಯುತ್ತಾರೆ. ಒಂದೇ ನದೀತೀರದ ತಾಲೂಕಿನಲ್ಲಿ ಒಬ್ಬನ ಹೊಲ ನೀರು ಹೆಚ್ಚಾಗಿ ಕೆಟ್ಟರೆ, ಇನ್ನೊಬ್ಬನದು ನೀರಿಲ್ಲದೆ ಒಣಗುತ್ತದೆ.

ಕಬ್ಬು ಕಡಿಯುವ ಕಾಲಕ್ಕೆ ಒಣಭೂಮಿಯ ಬಡವರು ಹೆಂಡತಿ ಮಕ್ಕಳೊಡನೆ ಇಲ್ಲಿಗೆ ಬರುತ್ತಾರೆ. ಗದ್ದೆಯ ಬದಿಯ ಗುಡಿಸಲೇ ಅವರ ಮನೆ. ನಸುಕಿನಲ್ಲಿಯೇ ಕುಡುಗೋಲು ಹಿಡಿದು ಹೊರಡುವ ತಾಯಿಯ ಹಿಂದೆ ಹೋಗುವ ಮಗುವಿಗೆ ಶಾಲೆಯ ಗಂಟೆ ಕೇಳಿಸುವುದಿಲ್ಲ. ನಾವು ಸವಿಯುವ ಸಕ್ಕರೆಯ ಹಿಂದೆ ಅವರ ಬೆವರಿದೆ.

ನಿಪ್ಪಾಣಿ ತಂಬಾಕಿನ ದೊಡ್ಡ ಪೇಟೆ. ಬೆಳೆಗೆ ನ್ಯಾಯವಾದ ಬೆಲೆ ಬೇಕೆಂದು 1981ರಲ್ಲಿ ರೈತರು ಶರದ್ ಜೋಶಿಯವರ ನಾಯಕತ್ವದಲ್ಲಿ ಇಲ್ಲಿಯ ಹೆದ್ದಾರಿಯಲ್ಲಿ ಕುಳಿತು ಸತ್ಯಾಗ್ರಹ ಹೂಡಿದರು. ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ ರೈತರು ಬಲಿಯಾದರು. ತಂಬಾಕಿನ ವಖಾರಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ತಂಬಾಕಿನ ದೂಳು ಅವರ ಉಸಿರಿನೊಳಗೆ ಸೇರುತ್ತಿತ್ತು, ಕೂಲಿ ಅತ್ಯಲ್ಪ. ಅವರು ಸಂಘ ಕಟ್ಟಿ ಹಕ್ಕಿಗಾಗಿ ಹೋರಾಡಿದರು. ಅವರ ಬದುಕನ್ನು ಕುರಿತು ‘ಯುಗಾಂತರ’ವೆಂಬ ಸ್ತ್ರೀಯರ ತಂಡವು 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತಯಾರಿಸಿತು.

ಅಥಣಿ, ನಿಪ್ಪಾಣಿಗಳ ಚರ್ಮಕಾರರ ಕೈಚಳಕ ಇನ್ನೊಂದು ಸಂಪತ್ತು. ಜಾಲಿಯ ತೊಗಟೆ ಹಾಗೂ ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಿಂದ ಅವರು ಚಪ್ಪಲಿಗಳನ್ನು ಮಾಡುತ್ತಾರೆ. ಕೊಲ್ಲಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯಲ್ಲಿ ಮಹಾರಾಷ್ಟ್ರದಂತೆ ಕರ್ನಾಟಕದ ಬೆಳಗಾವಿ ಮೊದಲಾದ ನಾಲ್ಕು ಜಿಲ್ಲೆಗಳೂ ಸೇರಿವೆ. ಹೆಸರು ಕೊಲ್ಲಾಪುರದ್ದಾದರೂ ಕೈಗಳು ಅನೇಕ ವೇಳೆ ನಮ್ಮವೇ.

ನೆಲ ಫಲವತ್ತಾಗಿದ್ದ ಮಾತ್ರಕ್ಕೆ ಅಲ್ಲಿಯ ಎಲ್ಲರ ಬಾಳೂ ಹಸನಾಗುವುದಿಲ್ಲ. ನೀರು ಮಿತವಾಗಿ ಹಂಚಿಕೆಯಾಗಬೇಕು, ದುಡಿದ ಕೈಗೆ ತಕ್ಕ ಕೂಲಿ ದೊರೆಯಬೇಕು, ನೆರೆ ಬರುವ ಮುನ್ನ ಎಚ್ಚರಿಕೆ ಸಿಗಬೇಕು. ದ್ವೀಪವಾದ ಊರಿಗೆ ದೋಣಿ ಬೇಕು. ಬಡತನದ ನಡುವೆ ಒಂಟಿಯಾದ ಮನೆಗೂ ಆಸರೆಯ ಕೈ ಬೇಕು. ಗಡಿಯನ್ನು ಲೆಕ್ಕಿಸದೆ ಹರಿಯುವ ಕೃಷ್ಣೆಯ ತೀರದಲ್ಲಿ ಬಾಳುವವರು ಒಬ್ಬರ ಕಷ್ಟಕ್ಕೆ ಒಬ್ಬರು ಒದಗದಿದ್ದರೆ ಆ ನಾಡು ಹೇಗೆ ಉಳಿದೀತು?

ಪ್ರಶ್ನೆಗಳು

1. ಮಳೆ ಕಡಿಮೆಯಿರುವ ಊರುಗಳಲ್ಲಿಯೂ ನೆರೆ ಬರುವುದೇಕೆ?
2. ಕಬ್ಬಿನ ಬೆಳೆಯಿಂದ ಆದ ಲಾಭನಷ್ಟಗಳನ್ನು ವಿವರಿಸಿರಿ.
3. ನಿಪ್ಪಾಣಿಯ ರೈತರೂ ಕಾರ್ಮಿಕ ಸ್ತ್ರೀಯರೂ ಹೋರಾಡಿದ್ದು ಯಾವುದಕ್ಕಾಗಿ?
4. ನಿಮ್ಮ ಊರಿನ ಹಿರಿಯರನ್ನು ಕೇಳಿ, ಅವರು ಕಂಡ ನೆರೆ ಅಥವಾ ಬರಗಾಲವನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.